‘ಕೈಗಡ’ ಅನ್ನುವವರ ಬಾಯಿ ಮುಚ್ಚಿಸುವ ಪದ ಬೇಕು (ಬೋರ್ಡಿಗೆ, ನಾಳೆಯೊಳಗೆ)

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಪತ್ತಿನ ಸಹಕಾರ ಸಂಘದ ಬಾಗಿಲಿಗೆ ನಾಲ್ಕಡಿ ಬೋರ್ಡು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಹತ್ತಕ್ಕೆ ಬರುತ್ತಾರೆ. ಠೇವಣಿ ಹಣವನ್ನು ಸಿಬ್ಬಂದಿಯೋ ನಿರ್ದೇಶಕರೋ ಸ್ವಂತಕ್ಕೆ ಬಳಸಿದರೆ ಜೈಲು ಅಂತ ಹೇಳಬೇಕು. ವಕೀಲರ ಕರಡಿನಲ್ಲಿ ‘ಅಪರಾಧಿಕ ನ್ಯಾಸಭಂಗ’ ಅಂತಿದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಸದಸ್ಯೆಯೊಬ್ಬರಿಗೆ ಓದಿ ಹೇಳಿದೆ. ‘ನ್ಯಾಸ ಅಂದ್ರೆ ಯಾರಪ್ಪಾ?’ ಅಂದರು. ‘ಅವ್ಯವಹಾರ’ ಪೇಪರಿನಲ್ಲಿ ಸವೆದುಹೋಗಿದೆ. ‘ದುರುಪಯೋಗ’ ಅಂದರೆ ಆಫೀಸ್ ಜೀಪಿನಲ್ಲಿ ಮದುವೆಗೆ ಹೋದಷ್ಟೇ ತಪ್ಪು ಅನ್ನಿಸುತ್ತದೆ.

ಹಿಂದೆ ನಾನು ಪಿಗ್ಮಿ ಕಟ್ಟುತ್ತಿದ್ದ ಬೇರೊಂದು ಸಂಘದಲ್ಲಿ ಪಾಸ್‌ಬುಕ್ಕಿನಲ್ಲಿದ್ದ ಹಣ ಲೆಡ್ಜರಿನಲ್ಲಿ ಇರಲಿಲ್ಲ. ಕೇಳಿದರೆ ಅಲ್ಲಿನ ಸಿಬ್ಬಂದಿ ‘ಕೈಗಡ ತಗೊಂಡಿದ್ದೆ, ಕಟ್ತೀನಿ ಬಿಡಿ’ ಅಂದರು.

ಬೆಂಗಳೂರಿನಿಂದ:
‘ನೆಚ್ಚುಗೇಡು’ ಅನ್ನಿ. ನೆಚ್ಚು ಅಂದರೆ ನಂಬಿಕೆ. ಅಚ್ಚಗನ್ನಡ. ಅಂದ ಹಾಗೆ ‘ಪತ್ತು’ ಕೂಡ ನಮ್ಮದೇ. ಹಳಗನ್ನಡದಲ್ಲಿ ಪತ್ತು ಅಂದರೆ ಅಂಟಿಕೊಳ್ಳು. ಸಾಲ ಅಂಟಿಕೊಳ್ಳುತ್ತೆ, ಅಲ್ವಾ?

ಚಿತ್ರದುರ್ಗದಿಂದ:
ಇಲ್ಲ. ಆ ಪತ್ತು, ಪುಲಿ ಹುಲಿಯಾದ ಹಾಗೆ, ಯಾವತ್ತೋ ‘ಹತ್ತು’ ಆಗಿದೆ. ಸಂಘದ ಪತ್ತು ಮರಾಠಿಯ ‘ಪತ್’, ಅಂದರೆ ಸಾಲ ಕೊಡುವಷ್ಟು ನಂಬಿಕೆ. ಅಲ್ಲಿ ಇವತ್ತಿಗೂ ಪತಸಂಸ್ಥೆ ಅನ್ನುತ್ತಾರೆ. ನೆಚ್ಚುಗೇಡು ಅಂತ ಬರೆಸಿದರೆ ಯಾವುದೋ ಕಾಯಿಲೆಯ ಲಸಿಕೆ ಹಾಕುತ್ತಾರೆ ಅಂದುಕೊಂಡು ಜನ ಸಾಲು ನಿಲ್ಲುತ್ತಾರೆ.

ಬೆಂಗಳೂರಿನಿಂದ:
ನಗೋದು ಸುಲಭ. ಕಂಡಕಂಡಲ್ಲಿ ಸಾಲ ತಂದೇ ಕನ್ನಡ ಹೀಗಾಗಿರುವುದು.

ಚಿತ್ರದುರ್ಗದಿಂದ:
ಠೇವಣಿ ಮರಾಠಿ. ವಸೂಲಿ, ಜಪ್ತಿ ಅರಬ್ಬಿ. ಶೇರು, ಪಿಗ್ಮಿ ಇಂಗ್ಲಿಷು. ಎಲ್ಲ ಹೊರಗೆ ಹಾಕಿದರೆ ಸಂಘದಲ್ಲಿ ಉಳಿಯೋದು ಕುರ್ಚಿ. ಅದೂ ಅರಬ್ಬಿ.

ಹಿರಿಯೂರಿನಿಂದ:
ಜಗಳ ಆಮೇಲೆ ಆಡಿ, ಪೇಂಟರ್ ಬರ್ತಾರೆ. ಕೋರ್ಟಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಮಾತಿನಲ್ಲಿ ಎಲ್ಲರೂ ‘ನಂಬಿಕೆ ದ್ರೋಹ’ ಅಂತಲೇ ಅನ್ನುತ್ತೇವೆ. ಆದರೆ ಬೋರ್ಡಿನಲ್ಲಿ ಬರೀ ಅಷ್ಟೇ ಇದ್ದರೆ ಪ್ರೇಮದ ಸಿನಿಮಾ ಆಗುತ್ತದೆ. ‘ಹಣ’ ಸೇರಿಸಿ, ಕಲಂ ಹಾಕಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿಯ 409ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 316(5) ಬಂದಿದೆ. ಸರ್ಕಾರಿ ನೌಕರ, ಬ್ಯಾಂಕರ್, ಏಜೆಂಟ್ ಇಂಥವರಿಗೆ ಅದು. ಜೀವಾವಧಿ, ಇಲ್ಲವೇ 10 ವರ್ಷದವರೆಗೆ. ಗುಮಾಸ್ತನಾದರೆ 316(4), 7 ವರ್ಷದವರೆಗೆ.

ನಿಮ್ಮ ಕೈಗಡಕ್ಕೂ ಮದ್ದಿದೆ. ದುರುದ್ದೇಶದಿಂದ ಸ್ವಲ್ಪ ದಿನಕ್ಕಷ್ಟೇ ಬಳಸಿಕೊಂಡರೂ ಅಪರಾಧವೇ ಅಂತ ಅದೇ ನ್ಯಾಯ ಸಂಹಿತೆಯ 314ರ ವಿವರಣೆ ಹೇಳುತ್ತದೆ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆಯಿಂದ ವರದಿ ಬರುತ್ತದೆ, ಜೈಲಲ್ಲ. ಅದಕ್ಕೇ ಹಣ ತಿನ್ನುವವರಿಗೆ ಆಡಿಟರ್ ಕಂಡರೆ ಇಲ್ಲದ ಭಯ ಪೊಲೀಸ್ ಕಂಡರೆ.

ದಾವಣಗೆರೆಯಿಂದ:
ಧನ್ಯವಾದ ಸಾರ್. ಹೀಗೆ ಬರೆಸುತ್ತಿದ್ದೇನೆ: ‘ನಿಮ್ಮ ಠೇವಣಿ ಹಣ ತಿನ್ನುವುದು ನಂಬಿಕೆ ದ್ರೋಹದ ಅಪರಾಧ. ಕೈಗಡ ಅಂದರೂ ಬಿಡುವುದಿಲ್ಲ.’ ಕೆಳಗೆ ಕಲಂ.

ಬೆಂಗಳೂರಿನಿಂದ:
ಠೇವಣಿಯ ಮಹಾಪ್ರಾಣ ಬಿಡಿ. ‘ಟೇವಣಿ’ ಸಾಕು.

ದಾವಣಗೆರೆಯಿಂದ:
ಪೇಂಟರ್ ಆಗಲೇ ‘ಠೇ’ ಬರೆದಾಯ್ತು.