ಎಂಎಸ್: ಹಿಡಿತದ ಬಲ ಸರಿಯಿದೆ, ಆದರೂ ಲೋಟ ಯಾಕೆ ಜಾರುತ್ತೆ?

ಥೆರಪಿ_ಟೇಬಲ್:
ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ನರಗಳ ಹೊದಿಕೆ ಸವೆಯುವ ಕಾಯಿಲೆ), ಕುತ್ತಿಗೆ ಭಾಗದ ಬೆನ್ನುಹುರಿಯ ಹಿಂಬದಿಯಲ್ಲಿ ಕಲೆ (ಹಾನಿಯಾದ ಜಾಗ). ಹಿಡಿತದ ಬಲ ಅಳೆಯುವ ಡೈನಮೋಮೀಟರಿನಲ್ಲಿ ಎರಡೂ ಕೈ ಹೆಚ್ಚುಕಮ್ಮಿ ಒಂದೇ. ಆದರೆ ಬಲಗೈಯಲ್ಲಿ ಪೇಪರ್ ಕಪ್ ಹಿಡಿದರೆ ನಜ್ಜುಗುಜ್ಜು, ಸ್ಟೀಲ್ ಲೋಟ ಹಿಡಿದರೆ ಜಾರಿ ಬೀಳುತ್ತೆ. ದಿನಾ 100 ಸಲ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಹೇಳಿದ್ದಾರೆ, ಬದಲಾವಣೆ ಇಲ್ಲ. ಏನು ಮಾಡಬೇಕು?

ನರತಂತು:
ಡೈನಮೋಮೀಟರ್ ಅಳೆಯುವುದು ಗರಿಷ್ಠ ಬಲ. ಲೋಟ ಎತ್ತಲು ಬೇಕಾದದ್ದು ಅದರ ಸಣ್ಣ ಪಾಲು, ಅದೂ ಸರಿಯಾದ ಕ್ಷಣದಲ್ಲಿ. ಬೆರಳ ತುದಿಯಲ್ಲಿ ವಸ್ತು ಒಂದು ಕೂದಲೆಳೆಯಷ್ಟು ಜಾರಿದರೂ ಚರ್ಮದ ನರತುದಿಗಳು ಸುದ್ದಿ ಕಳಿಸುತ್ತವೆ, ಸುಮಾರು 0.1 ಸೆಕೆಂಡಿನೊಳಗೆ ಹಿಡಿತ ತಾನಾಗಿ ಬಿಗಿಯಾಗುತ್ತದೆ. ಮಯಲಿನ್ (ನರದ ಹೊದಿಕೆ) ಸವೆದ ದಾರಿಯಲ್ಲಿ ಆ ಸುದ್ದಿ ತಡವಾಗಿ, ಮಸುಕಾಗಿ ಬರುತ್ತದೆ. ಹಾಗಾಗಿ ಮಿದುಳು "ಇರಲಿ" ಅಂತ ಮೊದಲೇ ಅಗತ್ಯಕ್ಕಿಂತ ಗಟ್ಟಿಯಾಗಿ ಒತ್ತಿಬಿಡುತ್ತದೆ. ಕಪ್ ನಜ್ಜಾಗುವುದು ಅದಕ್ಕೇ. ಮಾತಾಡುತ್ತಾ ಗಮನ ಬೇರೆಡೆ ಹೋದರೆ ಬಲ ಮೆಲ್ಲಗೆ ಸಡಿಲವಾಗುತ್ತದೆ, ಆಗ ಲೋಟ ಕೆಳಗೆ. ಎರಡೂ ಒಂದೇ ದೋಷದ ಎರಡು ಮುಖ. ಚೆಂಡು ಹಿಸುಕಿದರೆ ಮೊದಲೇ ಹೆಚ್ಚಿರುವ ಬಲಕ್ಕೇ ಅಭ್ಯಾಸ ಕೊಟ್ಟಂತೆ.

ಒಂಬತ್ತು_ಗೂಟ:
ಮೊದಲು ತೊಂದರೆ ಎಲ್ಲಿದೆ ಅಂತ ಬೇರ್ಪಡಿಸಿ. ಕಣ್ಣು ಬಿಟ್ಟಾಗ ಪರವಾಗಿಲ್ಲ, ಮುಚ್ಚಿದರೆ ಹಿಡಿತ ಕೆಡುತ್ತದೆ ಅಂದರೆ ಸ್ಪರ್ಶಜ್ಞಾನದ ಕೊರತೆ. ಕಣ್ಣು ಬಿಟ್ಟಿದ್ದರೂ ಲೋಟ ಬಾಯಿಯ ಹತ್ತಿರ ಬಂದಷ್ಟೂ ನಡುಕ ಹೆಚ್ಚಾದರೆ ತೊಂದರೆ ಅನುಮಸ್ತಿಷ್ಕದಲ್ಲಿ (ಸೆರೆಬೆಲ್ಲಮ್, ಚಲನೆಯನ್ನು ಹದದಲ್ಲಿಡುವ ಹಿಂಬದಿಯ ಮಿದುಳು). ಹಿಡಿಯುವುದು ಸುಲಭ, ಬಿಡುವುದು ಕಷ್ಟ ಅಂದರೆ ಸ್ನಾಯುಬಿಗಿತ. ಇದರಲ್ಲಿ ಚೆಂಡು ಹಿಸುಕುವುದು ಬೇಡವೇ ಬೇಡ, ಬೆರಳು ಬಿಚ್ಚುವ ವ್ಯಾಯಾಮ ಬೇಕು.

ಪ್ರಗತಿ ಅಳೆಯಲು ನೈನ್ ಹೋಲ್ ಪೆಗ್ ಟೆಸ್ಟ್ ಇಟ್ಟುಕೊಳ್ಳಿ: 9 ಗೂಟ ಒಂದೊಂದಾಗಿ ಹಾಕಿ, ಒಂದೊಂದಾಗಿ ತೆಗೆಯುವ ಒಟ್ಟು ಸಮಯ. ಪ್ರತಿ ಕೈಗೆ 2 ಸಲ, ರೂಢಿಯ ಕೈ ಮೊದಲು. ಆರೋಗ್ಯವಂತ ವಯಸ್ಕರಿಗೆ ಸುಮಾರು 20 ಸೆಕೆಂಡು. 20% ವ್ಯತ್ಯಾಸವಾದರೆ ನಿಜವಾದ ಬದಲಾವಣೆ ಎಂದು ಎಣಿಸುವುದು ವಾಡಿಕೆ. ಅದಕ್ಕಿಂತ ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆಯ ಅಳತೆಯನ್ನು ಸಂಜೆಯ ದಣಿದ ಕೈಯೊಂದಿಗೆ ಹೋಲಿಸಬಾರದು.

ಥೆರಪಿ_ಟೇಬಲ್:
ಕಣ್ಣು ಮುಚ್ಚಿದಾಗಲೇ ಕೆಡುತ್ತದೆ. ಬಿಗಿತ ಇಲ್ಲ, ನಡುಕವೂ ಇಲ್ಲ. ಮನೆಯಲ್ಲಿ ಮಾಡಬಹುದಾದದ್ದು?

ನರತಂತು:
ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹೆಬ್ಬೆರಳಿನಿಂದ ಒತ್ತಿ 200 ಗ್ರಾಂ ತೋರಿಸಿ, 10 ಸೆಕೆಂಡು ಅಲ್ಲೇ ನಿಲ್ಲಿಸಿ. ಆಮೇಲೆ ಕಣ್ಣು ಮುಚ್ಚಿ ಅಷ್ಟೇ ಒತ್ತಿ, ಕಣ್ಣು ತೆರೆದು ಎಷ್ಟು ತಪ್ಪಿತು ನೋಡಿ. ಮುಂದೆ 400, ಮತ್ತೆ ಇಳಿಸಿ 100. ಇಳಿಸುವುದೇ ಕಷ್ಟದ ಭಾಗ, ಹೆಚ್ಚು ಹೊತ್ತು ಅಲ್ಲೇ ಕಳೆಯಿರಿ. ತಕ್ಕಡಿಯ ಅಂಕಿ ನಿಧಾನವಾಗಿ ಬದಲಾಗುತ್ತದೆ, ಬೇಗ ಬೇಗ ಒತ್ತಿ ಬಿಟ್ಟರೆ ಪ್ರಯೋಜನವಿಲ್ಲ. 5 ನಿಮಿಷ ಮಾಡಿ, ಬಿಡುವು ಕೊಡಿ. ದಣಿದ ಮೇಲೆ ಮುಂದುವರಿಸಿದರೆ ಕಲಿಯುವುದು ತಪ್ಪನ್ನೇ.

ಆಮೇಲೆ ಪೇಪರ್ ಕಪ್: ಕೈಯಲ್ಲಿ ಖಾಲಿ ಕಪ್ ಹಿಡಿದಿರಲಿ, ಇನ್ನೊಬ್ಬರು ತಣ್ಣೀರು ಸ್ವಲ್ಪ ಸ್ವಲ್ಪವೇ ಸುರಿಯಲಿ. ತೂಕ ಏರಿದಂತೆ ಹಿಡಿತ ಏರಬೇಕು, ಕಪ್ ಮಾತ್ರ ಸೊಟ್ಟಗಾಗಬಾರದು.

ಹಿಡಿಕೆ_ಬಿಡಿಕೆ:
ಪಾತ್ರೆಯನ್ನೂ ಬದಲಿಸಿ, ಅದರಲ್ಲಿ ಸೋಲೇನಿಲ್ಲ. ನಯವಾದ ಸ್ಟೀಲ್ ಲೋಟಕ್ಕೆ ಎರಡು ಅಗಲ ರಬ್ಬರ್ ಬ್ಯಾಂಡ್, ಮುಕ್ಕಾಲು ಮಾತ್ರ ತುಂಬಿಸುವುದು. ಪೆನ್ನು, ಚಮಚದ ಹಿಡಿಗೆ ಫೋಮ್ ಪೈಪ್ ಹಾಕಿ 2.5 ಸೆಂ.ಮೀ. ದಪ್ಪ ಮಾಡಿ. ಭಾರದ ಚಮಚ ಕೊಳ್ಳಲು ಹೋಗಬೇಡಿ, ಅದು ಕೆಲವರ ನಡುಕಕ್ಕೆ ಹೇಳಿದ್ದು. ಇಲ್ಲಿ ಸುಮ್ಮನೆ ದಣಿವು. ಬಿಸಿ ಕಾಫಿ ಲೋಟವನ್ನು ಆ ಕೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ ಬಿಡಬೇಕು. ಬಿಸಿಯೂ ಸರಿಯಾಗಿ ತಿಳಿಯದಿದ್ದರೆ ಬೊಬ್ಬೆ ಬಂದ ಮೇಲೆಯೇ ಗೊತ್ತಾಗಬಹುದು.

ಒಂಬತ್ತು_ಗೂಟ:
ಒಂದು ಮಾತು ಬಿಟ್ಟುಹೋಯಿತು. ಮೈಬಿಸಿ ಅರ್ಧ ಡಿಗ್ರಿ ಏರಿದರೂ ಕೈ ತಾತ್ಕಾಲಿಕವಾಗಿ ಕೆಡಬಹುದು, ಇದೇ ಉಥಾಫ್ ಪರಿಣಾಮ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಅಭ್ಯಾಸ ಬೇಡ, ಬಿಸಿನೀರಿನ ಸ್ನಾನವಾದ ತಕ್ಷಣವೂ ಬೇಡ. ತಣ್ಣಗಾದ ಮೇಲೆ ಮೊದಲಿನಂತಾದರೆ ಗಾಬರಿ ಇಲ್ಲ. ಹೊಸ ಜೋಮು ಅಥವಾ ಬಲಹೀನತೆ 24 ಗಂಟೆ ದಾಟಿದರೆ ನ್ಯೂರಾಲಜಿಸ್ಟ್‌ಗೆ ತಿಳಿಸಿ. ಜ್ವರ, ಮೂತ್ರದ ಸೋಂಕು ಇದೆಯೇ ಎಂದು ಅವರು ಮೊದಲು ನೋಡುತ್ತಾರೆ.