ಸಹಾಯ ಬೇಕು: ಮಗಳ ಕುದುರೆ ಸವಾರಿ ಮತ್ತು ಹೆಂಡ್ರಾ ವೈರಸ್

ನಮಸ್ಕಾರ. ನಾವಿರುವುದು ಬ್ರಿಸ್ಬೇನ್ ಹತ್ತಿರ. ಮಗಳು ಎರಡು ತಿಂಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಮೊನ್ನೆ ನೋಡಿದರೆ ಕುದುರೆಗಳ ನೀರಿನ ತೊಟ್ಟಿ ಅತ್ತಿ ಮರದ ಕೆಳಗೇ ಇದೆ. ಬಾವಲಿ ಕಚ್ಚಿ ಬಿಸಾಕಿದ ಹಣ್ಣು ನೀರಲ್ಲಿ ತೇಲುತ್ತಿತ್ತು. ಎದೆ ಧಸಕ್ ಅಂತು.

ಜೀವಕ್ಕೇ ಅಪಾಯವಾದ ಈ ಹೆಂಡ್ರಾ ವೈರಸ್ 1994ರಲ್ಲಿ ಮೊದಲು ಕಂಡಿದ್ದು ಇದೇ ಬ್ರಿಸ್ಬೇನ್‌ನಲ್ಲಿ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ. ಕುದುರೆಗೆ 2012ರಿಂದ ಲಸಿಕೆ ಇದೆ, ನಮಗಿಲ್ಲ. ಹಾಕಿಸಿದ್ದೀರಾ ಅಂತ ಕೇಳಿದರೆ ಮಾಲೀಕರು ನಕ್ಕು ಮಾತು ಹಾರಿಸಿದರು.

ನಿಮ್ಮ ಮಕ್ಕಳೂ ಸವಾರಿಗೆ ಹೋಗ್ತಾರಾ? ಲಸಿಕೆ ದಾಖಲೆ ತೋರಿಸಿ ಅಂದರೆ ಜಾಸ್ತಿ ಆಯ್ತಾ? ಪಶುವೈದ್ಯರು ಯಾರಾದರೂ ಇದ್ದರೆ ಹೇಳಿ, ತೊಟ್ಟಿ ಜಾಗ ಬದಲಿಸಿದರೆ ಸಾಕಾ? ಶನಿವಾರ ಮುಂದಿನ ಕ್ಲಾಸ್. ಅವಳು ಈಗಲೇ ಬೂಟು ಒರೆಸಿ ಇಟ್ಟಿದ್ದಾಳೆ.