ಕಾಮಿಡಿ ಕಾರ್ಟೂನ್ ಮಾಡಿದೆ, ಯಾರೂ ನಗಲಿಲ್ಲ. ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಕೆಲಸ ಮುಗಿಸಿ ಬಂದು ರಾತ್ರಿ ಒಬ್ಬನೇ ಕೂತು ಒಂದೊಂದು ನಿಮಿಷದ ಕಾರ್ಟೂನ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಮೂರು ಆಯ್ತು. ಚಿತ್ರ ಚೆನ್ನಾಗಿದೆ ಅನ್ನುತ್ತಾರೆ, ನಗು ಮಾತ್ರ ಇಲ್ಲ. ಕಥೆ ಬಾಯಲ್ಲಿ ಹೇಳಿದಾಗ ನಕ್ಕವರೇ ವಿಡಿಯೋ ನೋಡಿ ಸುಮ್ನೆ ಕೂರುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1: ಬಾಯಲ್ಲಿ ಹೇಳಿದಾಗ ನಕ್ಕರು ಅಂದರೆ ಜೋಕ್ ಸರಿಯಾಗೇ ಇದೆ. ಹೇಳುವಾಗ ನೀವು ಎಲ್ಲೋ ಒಂದು ಕ್ಷಣ ತಡೆದಿರುತ್ತೀರಿ. ವಿಡಿಯೋದಲ್ಲಿ ಅದು ಬಿಟ್ಟುಹೋಗಿದೆ. ನನಗೂ ಹೀಗೇ ಆಗಿತ್ತು.

ನನ್ನ ಕಥೆ ಇಷ್ಟೇ. ಹುಡುಗ ಮಧ್ಯರಾತ್ರಿ ಕೋಡುಬಳೆ ಡಬ್ಬಕ್ಕೆ ಕೈ ಹಾಕುತ್ತಾನೆ, ಸ್ಟೀಲ್ ಮುಚ್ಚಳ ಬೀಳುತ್ತದೆ, ಒಳಗಿಂದ ಅಜ್ಜಿ "ಎರಡೇ ತಗೋ" ಅನ್ನುತ್ತಾರೆ. ಮೊದಲ ಸಲ ಮಾಡಿದಾಗ ಮುಚ್ಚಳ ಬಿದ್ದ ತಕ್ಷಣ ಲೈಟ್ ಹತ್ತುತ್ತಿತ್ತು, ಅಜ್ಜಿ ಎದ್ದು ಕೂತು ಕನ್ನಡಕ ಹಾಕಿಕೊಳ್ಳುತ್ತಿದ್ದರು, ಆಮೇಲೆ ಮಾತು. ಆ ಕನ್ನಡಕಕ್ಕೇ ನನ್ನ ಮೂರು ರಾತ್ರಿ ಹೋಯ್ತು. ಒಬ್ಬರೂ ನಗಲಿಲ್ಲ. ಅಜ್ಜಿ ಎದ್ದ ಕೂಡಲೇ ಹುಡುಗ ಸಿಕ್ಕಿಬಿದ್ದ ಅಂತ ಗೊತ್ತಾಗಿಬಿಡುತ್ತದೆ. ಮಾತು ಬರುವ ಹೊತ್ತಿಗೆ ಎಲ್ಲಾ ಹಳಸಿರುತ್ತದೆ.

ಎರಡನೇ ಸಲ ಅಜ್ಜಿಯನ್ನೇ ತೆಗೆದೆ. ಹುಡುಗನ ಮುಖ ಒಂದೇ, ಅದೂ ಅಲ್ಲಾಡುವುದಿಲ್ಲ. ಮುಚ್ಚಳ ನೆಲದ ಮೇಲೆ ಗಿರಗಿರ ತಿರುಗಿ, ಟಣಟಣ ಅಂದು ನಿಲ್ಲುವ ಸದ್ದು. ನಿಂತ ಮೇಲೆ 20 ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರವೇ ಫ್ರೇಮ್) ಮೌನ. ಕತ್ತಲೊಳಗಿಂದ "ಎರಡೇ ತಗೋ." ಅಲ್ಲೇ ಕಟ್. ನಕ್ಕರು.

20 ಅನ್ನುವುದು ಮಂತ್ರ ಏನಲ್ಲ, 12 ಇಟ್ಟೆ, 30 ಇಟ್ಟೆ, ಕೊನೆಗೆ ಅಲ್ಲಿ ನಿಂತೆ. ರೋಡ್ ರನ್ನರ್ ಕಾರ್ಟೂನ್‌ಗಳ ನಿರ್ದೇಶಕ ಚಕ್ ಜೋನ್ಸ್ ಇನ್ನೂ ಕಟ್ಟುನಿಟ್ಟು. ರೋಡ್ ರನ್ನರ್ ಹಕ್ಕಿಯನ್ನು ಹಿಡಿಯೋಕೆ ಓಡುವ ಆ ಬಡಪಾಯಿ ಕಯೋಟಿ (ತೋಳದಂಥ ಪ್ರಾಣಿ) ಬೆಟ್ಟದಿಂದ ಬಿದ್ದು ಕಣ್ಮರೆಯಾಗೋಕೆ 18 ಫ್ರೇಮ್, ಅಲ್ಲಿಂದ ನೆಲಕ್ಕೆ ಅಪ್ಪಳಿಸೋಕೆ 14. ಅದು 13 ಆದರೂ ನಗು ಬರಲ್ಲ, 15 ಆದರೂ ಬರಲ್ಲ ಅನ್ನುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್ ಲೆಕ್ಕ ಅದು. ನೀವು 30ರಲ್ಲಿ ಮಾಡುತ್ತಿದ್ದರೆ ಸಂಖ್ಯೆ ಬದಲಾಗುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಧ್ವನಿ. ಮಾತು ರೆಕಾರ್ಡ್ ಮಾಡಿ, ಗೀಚಿದ ಚಿತ್ರಗಳನ್ನು ಅದರ ಮೇಲೆ ಜೋಡಿಸಿ ನಾಲ್ಕು ಜನಕ್ಕೆ ತೋರಿಸಿ. ಅಲ್ಲಿ ನಗು ಬಂದಿಲ್ಲ ಅಂದರೆ ಬಣ್ಣ ತುಂಬಿದರೂ ಬರಲ್ಲ.

ಇನ್ನೊಂದು, ಬರೆದ ಕನ್ನಡ ಓದಿಸಬೇಡಿ. ನಮ್ಮದು ಹುಬ್ಬಳ್ಳಿ. ಆಟೋದವನ ಪಾತ್ರಕ್ಕೆ "ನೀವು ಎಲ್ಲಿಗೆ ಹೋಗಬೇಕಾಗಿದೆ?" ಅಂತ ಬರೆದು ಕೊಟ್ಟಿದ್ದೆ. ಕೇಳಿದರೆ ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್! ನಮ್ಮ ಕಾಕಾ ಹಾಳೆ ಪಕ್ಕಕ್ಕಿಟ್ಟು, "ಎಲ್ಲಿಗ್ ಹೋಗೂದ್ರಿ?" ಅಂತ ಕೇಳಿ, ಉತ್ತರ ಬರುವ ಮೊದಲೇ "ಆ ಕಡೆ ಬರಂಗಿಲ್ರಿ" ಅಂದುಬಿಟ್ಟರು. ಅದನ್ನೇ ಇಟ್ಟುಕೊಂಡೆ. ರೆಕಾರ್ಡ್ ಮಾಡಿದ್ದು ಮಂಚದ ಮೇಲೆ, ಇಬ್ಬರೂ ರಜಾಯಿ ಹೊದ್ದು, ಗೋಡೆಯ ಪ್ರತಿಧ್ವನಿ ಬರಬಾರದು ಅಂತ. ಮೇ ತಿಂಗಳು. ಬೆವರು ಕೇಳಬೇಡಿ.

ಉತ್ತರ 3: ಚಿತ್ರ ಚೆನ್ನಾಗಿರೋದೇ ಕೆಲವು ಸಲ ತೊಂದರೆ. ಫ್ಲ್ಯಾಶ್ ಸಾಫ್ಟ್‌ವೇರ್‌ನಲ್ಲಿ ಕಾರ್ಟೂನ್ ಮಾಡುತ್ತಿದ್ದ ಕಾಲದಲ್ಲಿ ನ್ಯೂಗ್ರೌಂಡ್ಸ್ ಅನ್ನೋ ವೆಬ್‌ಸೈಟ್ ನೋಡಿದವರಿಗೆ ಗೊತ್ತು, ಕಡ್ಡಿ ಗೊಂಬೆಗಳಿಗೇ ಬಿದ್ದು ಬಿದ್ದು ನಗುತ್ತಿದ್ದೆವು. ಆಗ ಫೈಲ್ ಚಿಕ್ಕದಾಗಿ ಇರಬೇಕಿತ್ತು, ಅದಕ್ಕೇ ಒಂದೇ ತಲೆ, ಒಂದೇ ಕೈ ಮತ್ತೆ ಮತ್ತೆ ಬಳಸುತ್ತಿದ್ದರು. ಮೈಯೆಲ್ಲಾ ಸುಮ್ಮನಿದ್ದು ಹುಬ್ಬೊಂದೇ ಮೇಲೆ ಹೋದರೆ ಎಲ್ಲರ ಕಣ್ಣೂ ಹುಬ್ಬಿನ ಮೇಲೇ, ಅಲ್ವಾ?

ಆದರೆ ಮೊದಲ ಉತ್ತರದವರ ಮೌನ ನಂಬಿ ಜಾಸ್ತಿ ಎಳೆಯಬೇಡಿ. ನಾನು ಅಲ್ಲಾಡದ ಮುಖ 3 ಸೆಕೆಂಡ್ ಇಟ್ಟಿದ್ದೆ. ನಮ್ಮ ಭಾವ ನೆಟ್ ಸ್ಲೋ ಅಂದುಕೊಂಡು ಫೋನ್ ತಟ್ಟಿದರು. ಆವತ್ತಿಂದ ಮಧ್ಯದಲ್ಲಿ ಒಂದು ಸಲ ಕಣ್ಣು ಮಿಟುಕಿಸುತ್ತೇನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಎರಡನೇ ವಿಡಿಯೋದಲ್ಲಿ ಪಂಚ್ ಆದಮೇಲೂ 6 ಸೆಕೆಂಡ್ ಇದೆ, ಎಲ್ಲರೂ ಹೊಟ್ಟೆ ಹಿಡಿದು ನಗುವ ಸೀನ್. ಇವತ್ತೇ ಕತ್ತರಿಸುತ್ತೇನೆ. ಅಂದಹಾಗೆ ಆ ಮುಚ್ಚಳದ ಸದ್ದು ಎಲ್ಲಿಂದ ತಗೊಂಡ್ರಿ?

ಉತ್ತರ 1: ನಮ್ಮನೆ ಡಬ್ಬದ್ದೇ. ಹನ್ನೊಂದು ಸಲ ಬೀಳಿಸಿದೆ. ಈಗ ಮುಚ್ಚಳ ಕೂರುತ್ತಿಲ್ಲ, ಕೋಡುಬಳೆ ಮೆತ್ತಗಾಗುತ್ತಿದೆ. ಅಮ್ಮ ಮಳೆಗಾಲ ಅಂದುಕೊಂಡಿದ್ದಾರೆ.